ಶಿವಾಲದಿಂದ ಬಂದ ಕಾರ್ಡು

ಗುರುದತ್ತರು ಹುಟ್ಟಿ 2025ರ ಜುಲೈ 9ಕ್ಕೆ ನೂರು ವರ್ಷ ತುಂಬಿತು. ಆ ನೆಪದಲ್ಲಿ ನಮ್ಮ ಸಂಘದವರು ಒಂದು ಸಂಜೆ ‘ಪ್ಯಾಸಾ’ ಚಿತ್ರ ತೋರಿಸಿದರು. ಉಪ್ಪಿಟ್ಟು ಕಾಫಿ ಆದ ಮೇಲೆ ಸಂಪಾದಕ ಮಿತ್ರರು ನನ್ನನ್ನು ಪಕ್ಕಕ್ಕೆ ಕರೆದು, “ನೀವು 1989ರಲ್ಲಿ ಗುರುದತ್ತರ ಮೇಲೆ ಒಂದು ಭಾಷಣ ಮಾಡಿದ್ದಿರಲ್ಲ, ಪತ್ರಿಕೆಯಲ್ಲೂ ಬಂದಿತ್ತು. ಅದನ್ನೇ ಸ್ವಲ್ಪ ತಿದ್ದಿ ಕೊಡಿ ಸಾರ್, ಹಾಕೋಣ” ಎಂದರು.

‘ತಿದ್ದಿ’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ಕಸಿವಿಸಿಯಾಯಿತು. ಆ ಲೇಖನವನ್ನು ಬೇರೊಬ್ಬರು ಮೂವತ್ತಾರು ವರ್ಷಗಳ ಹಿಂದೆಯೇ ತಿದ್ದಿ ಕಳಿಸಿದ್ದರು. ಹದಿನೈದು ಪೈಸೆಯ ಒಂದು ಪೋಸ್ಟ್ ಕಾರ್ಡಿನಲ್ಲಿ, ಕಾಶಿಯ ಶಿವಾಲ ಮೊಹಲ್ಲಾದಿಂದ. ನಾನು ಅದನ್ನು ಪತ್ರಿಕೆಗೂ ಕೊಡಲಿಲ್ಲ, ಬರೆದವರಿಗೆ ಉತ್ತರವನ್ನೂ ಹಾಕಲಿಲ್ಲ. ಆದುದರಿಂದ ಈಗ ಬರೆಯುತ್ತಿರುವುದು ಶತಮಾನೋತ್ಸವದ ಲೇಖನವೆನ್ನುವುದಕ್ಕಿಂತ ಬಾಕಿ ಉಳಿದ ಒಂದು ಉತ್ತರವೆಂದು ವಾಚಕರು ತಿಳಿಯಬೇಕು.

ಕಾರ್ಡು ಬರೆದವರು ನನ್ನ ಸೋದರಮಾವ. ಮನೆಯಲ್ಲಿ ಎಲ್ಲರೂ ಅವರನ್ನು ಕಾಶಿ ಮಾವ ಎನ್ನುತ್ತಿದ್ದೆವು. 1952ರಲ್ಲಿ ನಮ್ಮ ಅಜ್ಜಿಯನ್ನು ಕಾಶೀಯಾತ್ರೆಗೆಂದು ಕರೆದುಕೊಂಡು ಹೋದವರು, ಅಜ್ಜಿಯನ್ನು ಊರಿನವರ ಜೊತೆಯಲ್ಲಿ ರೈಲು ಹತ್ತಿಸಿ ತಾವು ಮಾತ್ರ ಅಲ್ಲೇ ಉಳಿದುಬಿಟ್ಟರು. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ವೇದಾಂತವೋ ಸಂಗೀತವೋ ಕಲಿಯುವುದಕ್ಕೆ ಉಳಿದಿದ್ದರೆ ಊರಿನಲ್ಲಿ ಹೇಳಿಕೊಳ್ಳಲು ಚೆನ್ನಾಗಿರುತ್ತಿತ್ತು. ಮಾವ ಸೇರಿದ್ದು ಒಂದು ಸಿನಿಮಾ ಟಾಕೀಸಿಗೆ, ಆಪರೇಟರನ ಸಹಾಯಕನಾಗಿ. ಮುಂದೆ ಅವರೇ ಆಪರೇಟರ್ ಆದರು. 1986ರವರೆಗೂ ಅದೇ ಕೆಲಸ. ಮದುವೆಯಾಗಲಿಲ್ಲ. “ಕಾಶಿಗೆ ಹೋಗಿ ಸಿನಿಮಾ ಬಿಡುತ್ತಾನಂತೆ” ಎಂದು ನಮ್ಮ ಅಮ್ಮ ಅಳುವುದೂ ಉಂಟು, ನಗುವುದೂ ಉಂಟು.

ನಾನು ಮೊದಲ ಸಲ ಅವರ ಮನೆಗೆ ಹೋದದ್ದು 1978ರ ಚಳಿಗಾಲದಲ್ಲಿ. ಅಸ್ಸಿಯಿಂದ ಗೋದೌಲಿಯಾಕ್ಕೆ ಹೋಗುವ ರಸ್ತೆಯಲ್ಲಿ ಶಿವಾಲ ಸಿಗುತ್ತದೆ. ರಸ್ತೆಯಿಂದ ಬಲಕ್ಕೆ ಗಲ್ಲಿ ಹಿಡಿದು ಇಳಿದರೆ ಗಂಗೆ. ಘಾಟಿನ ಪಕ್ಕದಲ್ಲೇ ರಾಜಾ ಚೇತ್‌ಸಿಂಗನ ಕೋಟೆ. 1781ರಲ್ಲಿ ವಾರನ್ ಹೇಸ್ಟಿಂಗ್ಸ್ ಅವನನ್ನು ಅವನ ಮನೆಯಲ್ಲೇ ಸೆರೆಯಲ್ಲಿಟ್ಟಾಗ, ಪೇಟಗಳನ್ನು ಒಂದಕ್ಕೊಂದು ಗಂಟು ಹಾಕಿ ಹಗ್ಗ ಮಾಡಿ, ಕಿಟಕಿಯಿಂದ ಇಳಿದು ದೋಣಿ ಹತ್ತಿ ಪಾರಾದನೆಂದು ಅಲ್ಲಿ ಇಂದಿಗೂ ಹೇಳುತ್ತಾರೆ. ಅಲ್ಲಿಂದ ಹೊಳೆ ಹರಿಯುವ ದಿಕ್ಕಿಗೆ ನಡೆದರೆ ಹನುಮಾನ್ ಘಾಟ್, ಮೈಸೂರು ಸಂಸ್ಥಾನದವರು ಕಟ್ಟಿಸಿದ ಕರ್ನಾಟಕ ಘಾಟ್, ಅದನ್ನು ದಾಟಿದರೆ ಹರಿಶ್ಚಂದ್ರ ಘಾಟ್. ದಕ್ಷಿಣದವರ ಮಾತು ಬೆಳಗಿನ ಹೊತ್ತು ಅಲ್ಲಿ ಧಾರಾಳವಾಗಿ ಕೇಳಿಸುತ್ತದೆ. ಮಾವ ಶಿವಾಲದಲ್ಲೇ ಮನೆ ಹಿಡಿದದ್ದಕ್ಕೆ ಅದೇ ಕಾರಣವಂತೆ. “ಕನ್ನಡ ಮಾತಾಡಬೇಕು ಅನ್ನಿಸಿದರೆ ಹತ್ತು ನಿಮಿಷ ನಡೆದರೆ ಸಾಕು ಕಣಯ್ಯಾ. ಬೇಡ ಅನ್ನಿಸಿದರೆ ಇಲ್ಲೇ ಇರಬಹುದು” ಎನ್ನುತ್ತಿದ್ದರು.

ಒಂದು ಸಂಜೆ ನನ್ನನ್ನು ಟಾಕೀಸಿನ ಮೇಲಿನ ಕೋಣೆಗೆ ಕರೆದೊಯ್ದರು. ಎರಡು ದೊಡ್ಡ ಯಂತ್ರಗಳು. ಒಳಗೆ ಇಂಗಾಲದ ಎರಡು ಕಡ್ಡಿಗಳ ತುದಿ ಎದುರುಬದುರಾಗಿ ಉರಿದು ಕಣ್ಣು ಕುಕ್ಕುವ ಬೆಳಕು. ಅದರ ಹೊಗೆ ಹೋಗಲೊಂದು ಕೊಳವೆ. ಸಾವಿರ ಅಡಿಯ ರೀಲು ಹನ್ನೊಂದು ನಿಮಿಷ ಓಡುತ್ತದೆ. ತೆರೆಯ ಬಲಗಡೆಯ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿದರೆ ಎರಡನೆಯ ಯಂತ್ರವನ್ನು ಚಾಲೂ ಮಾಡಬೇಕು, ಮತ್ತೊಂದು ಚುಕ್ಕೆ ಮಿಂಚಿದಾಗ ಬೆಳಕನ್ನು ಅದಕ್ಕೆ ಒಪ್ಪಿಸಬೇಕು. ಆ ಚುಕ್ಕೆಯನ್ನು ನಾನು ಅಲ್ಲಿಯವರೆಗೆ ನೂರಾರು ಸಿನಿಮಾ ನೋಡಿದ್ದರೂ ಕಂಡಿರಲಿಲ್ಲ. “ಕಾಣಬಾರದು. ಕಂಡರೆ ಆಪರೇಟರ್ ತಪ್ಪು ಮಾಡಿದ ಅಂತಲೇ ಅರ್ಥ” ಎಂದರು ಮಾವ.

ಅವರ ಹತ್ತಿರ ಒಂದು ಉದ್ದನೆಯ ಲೆಕ್ಕದ ಪುಸ್ತಕವಿತ್ತು. ಅದರಲ್ಲಿ ಕನ್ನಡ ಅಕ್ಷರದಲ್ಲಿ, ತಾವು ಓಡಿಸಿದ ಚಿತ್ರಗಳ ಹೆಸರುಪಟ್ಟಿ. ಆ ಕಾಲದ ಚಿತ್ರಗಳಲ್ಲಿ ಹೆಸರುಗಳೆಲ್ಲ ಮೊದಲಿಗೇ ಬರುತ್ತಿದ್ದುವು. ಆಗ ಜನ ಇನ್ನೂ ಕಡಲೆಕಾಯಿ ಪೊಟ್ಟಣ ಹಿಡಿದು, ಗೇಟಿನವನ ಟಾರ್ಚಿನ ಬೆಳಕಿನಲ್ಲಿ ಕುರ್ಚಿ ಹುಡುಕುತ್ತಿರುತ್ತಾರೆ. ಯಾರೂ ಓದುವುದಿಲ್ಲ. ಮಾವ ಮಾತ್ರ ಗೋಡೆಯ ಕಿಂಡಿಯಿಂದ ಓದುತ್ತಿದ್ದರು. ಅಕ್ಷರಗಳು ಬೇಗ ಹೋಗಿಬಿಡುತ್ತವೆಂದು ಒಂದು ಆಟಕ್ಕೆ ಒಂದು ಕಾರ್ಡು ಎಂಬ ನೇಮ. ಮೊದಲ ಆಟದಲ್ಲಿ ಛಾಯಾಗ್ರಾಹಕ, ಎರಡನೆಯದರಲ್ಲಿ ಸಂಕಲನಕಾರ, ಮೂರನೆಯದರಲ್ಲಿ ಸಹಾಯಕರು. ಒಂದು ವಾರ ಓಡಿದರೆ ಪಟ್ಟಿ ಪೂರ್ತಿ. ಪುಸ್ತಕದ ಕೊನೆಯ ಕಾಲಮ್ಮಿಗೆ ‘ಆಮೇಲೆ’ ಎಂದು ಹೆಸರು. ಈ ಸಹಾಯಕನು ಆಮೇಲೆ ಏನಾದ ಎಂದು ಬರೆಯುವುದಕ್ಕೆ.

“ಇದೆಲ್ಲ ಯಾತಕ್ಕೆ ಮಾವ?” ಎಂದು ಕೇಳಿದೆ. “ಯಾರಾದರೂ ಒಬ್ಬ ಬರೆದಿಡಬೇಕಲ್ಲಯ್ಯಾ” ಎಂದಷ್ಟೇ ಹೇಳಿ ರೀಲು ಸುತ್ತಲು ಹೋದರು. ಬ್ಯಾಂಕಿನಲ್ಲಿ ಹೊಸದಾಗಿ ಆಫೀಸರಾಗಿದ್ದ ನನಗೆ ಅದು ಒಂಟಿ ಮನುಷ್ಯನ ಹುಚ್ಚಿನಂತೆ ಕಂಡಿತು.

ಇನ್ನು ನನ್ನ ಭಾಷಣದ ವಿಷಯ. 1989ಕ್ಕೆ ಗುರುದತ್ತರು ತೀರಿ ಇಪ್ಪತ್ತೈದು ವರ್ಷ. ನಾನು ಅವರ ಚಿತ್ರಗಳನ್ನು ಮೆಚ್ಚಿದವನು. ಮಾಟುಂಗಾದಲ್ಲಿ ಮನೆ, ಅವರ ಮನೆಯವರೂ ಒಂದು ಕಾಲಕ್ಕೆ ಮಾಟುಂಗಾದಲ್ಲಿ ಇದ್ದವರು. ಇಷ್ಟೇ ನನ್ನ ಯೋಗ್ಯತೆ. ಕೇಳಿದ್ದು ಓದಿದ್ದು ಎಲ್ಲವನ್ನೂ ಸೇರಿಸಿ ಮುಕ್ಕಾಲು ಗಂಟೆ ಮಾತಾಡಿದೆ. ಚಪ್ಪಾಳೆಯೂ ಬಿತ್ತು. ಮುದ್ರಣವಾದ ಸಂಚಿಕೆಯನ್ನು ಹೆಮ್ಮೆಯಿಂದ ಶಿವಾಲಕ್ಕೆ ಅಂಚೆಯಲ್ಲಿ ಕಳಿಸಿದೆ. ಹತ್ತು ದಿನದಲ್ಲಿ ಕಾರ್ಡು ಬಂತು. ಈಗಲೂ ನನ್ನ ಹತ್ತಿರವಿದೆ:

“ಆಶೀರ್ವಾದಗಳು. ಪತ್ರಿಕೆ ತಲುಪಿತು. ಮೂರು ತಪ್ಪು. ಒಂದು, ಗುರುದತ್ತ ಹುಟ್ಟಿದ್ದು ಕಲ್ಕತ್ತೆಯಲ್ಲಲ್ಲ, ಬೆಂಗಳೂರಿನಲ್ಲಿ. ಬೆಳೆದದ್ದು ಕಲ್ಕತ್ತೆ. ಎರಡು, ಪ್ರಭಾತ್ ಕಂಪನಿಗೆ ನಟನಾಗಿ ಸೇರಿದ ಎಂದಿದ್ದೀಯೆ. ಕುಣಿತ ಕಲಿಸಲು ಸೇರಿದ್ದು, ಜೊತೆಗೆ ಸಹಾಯಕ ನಿರ್ದೇಶಕ. ಮುಖಕ್ಕೆ ಬಣ್ಣ ಹಚ್ಚಿದ್ದು 1953ರ ‘ಬಾಜ್’ನಲ್ಲೇ ಮೊದಲು. ಮೂರು, ‘ಬಾಜಿ’ಯ ಛಾಯಾಗ್ರಾಹಕ ನಮ್ಮ ಮೈಸೂರಿನ ಮೂರ್ತಿಯಲ್ಲ, ವಿ. ರಾತ್ರಾ. ಮೂರ್ತಿ ಆಗ ಸಹಾಯಕ. ರಾತ್ರಾನ ಹೆಸರು ಇನ್ನೊಬ್ಬನಿಗೆ ಕೊಡಬಾರದು. ಮುಂದಿನ ಸಂಚಿಕೆಯಲ್ಲಿ ತಿದ್ದಿಸು. ಗಂಗೆ ಇಳಿದಿದೆ. ಕ್ಷೇಮ.”

ನನಗೆ ಸಿಟ್ಟು ಬಂತು. ಹೊಗಳಿಕೆ ಒಂದು ಮಾತಿಲ್ಲ. ಇಷ್ಟು ಜನ ಮೆಚ್ಚಿದ ಭಾಷಣದಲ್ಲಿ ಇವರಿಗೆ ಕಂಡದ್ದು ಯಾರೋ ರಾತ್ರಾ! ಕಾರ್ಡನ್ನು ಡ್ರಾಯರಿಗೆ ಹಾಕಿದೆ. ತಿಂಗಳು ಕಳೆಯಿತು, ವರ್ಷ ಕಳೆಯಿತು. 1993ರಲ್ಲಿ ತಂತಿ ಬಂತು. ನಾನು ಕಾಶಿ ಮುಟ್ಟುವ ಹೊತ್ತಿಗೆ ಮಾವನನ್ನು ಹರಿಶ್ಚಂದ್ರ ಘಾಟಿನಲ್ಲಿ ದಹನ ಮಾಡಿ ಒಂದು ದಿನವಾಗಿತ್ತು. ಉಳಿದ ಕರ್ಮಗಳನ್ನು ಮುಗಿಸಿ, ಅವರ ಕಬ್ಬಿಣದ ಟ್ರಂಕನ್ನು ಮುಂಬಯಿಗೆ ತಂದು ಅಟ್ಟದ ಮೇಲಿಟ್ಟೆ. ಎರಡು ಸಲ ಮನೆ ಬದಲಿಸಿದಾಗಲೂ ಅದು ಅಟ್ಟದಿಂದ ಅಟ್ಟಕ್ಕೇ ಹೋಯಿತು.

ಸಂಪಾದಕರ ಮಾತಿನಿಂದ ಈ ವರ್ಷ ಅದನ್ನು ಇಳಿಸಿದೆ. ಲೆಕ್ಕದ ಪುಸ್ತಕಗಳು ನಾಲ್ಕಿದ್ದುವು. ಮೊದಲ ಸಾಲು 1953ರದು. ಎಂದರೆ, ಗುರುದತ್ತರು ತೆರೆಯ ಹಿಂದೆ ದುಡಿದ ಮೊದಲ ಏಳು ವರ್ಷ, 1944ರಿಂದ 1951, ಮಾವನ ಪುಸ್ತಕಕ್ಕಿಂತ ಹಿಂದಿನವು. ಅದನ್ನು ನಾನೇ ಹುಡುಕಬೇಕಾಯಿತು. ಮಾವನ ರೀತಿಯಲ್ಲೇ ಹುಡುಕಿದೆ. ಒಂದು ಸಲಕ್ಕೆ ಒಂದು ಕಾರ್ಡು.

ಗೊತ್ತಾದದ್ದು ಇಷ್ಟು. ಮನೆತನದ ಹೆಸರು ಪಡುಕೋಣೆ. ತಾಯಿ ವಾಸಂತಿ ಪಡುಕೋಣೆಯವರು ಕನ್ನಡದಲ್ಲಿ ಬರೆಯುತ್ತಿದ್ದವರು, ಮಗನನ್ನು ಕುರಿತು ‘ನನ್ನ ಮಗ ಗುರುದತ್ತ’ ಎಂಬ ಪುಸ್ತಕವನ್ನೇ ಬರೆದರು. ಅಂಥ ತಾಯಿಯ ಮಗ ಹುಟ್ಟಿದ ಊರನ್ನು ಕನ್ನಡ ಸಂಘದ ವೇದಿಕೆಯಲ್ಲಿ ನಿಂತು ತಪ್ಪಾಗಿ ಹೇಳಿದ ಕೀರ್ತಿ ನನ್ನದು. ಹುಡುಗ ಕಲ್ಕತ್ತೆಯಲ್ಲಿ ಬೆಳೆದ. ಸಿನಿಮಾ ಜಾಹೀರಾತು ಬರೆಯುತ್ತಿದ್ದ ಬಂಧು ಬಿ. ಬಿ. ಬೆನಗಲ್ಲರ ಚಿತ್ರವೊಂದನ್ನು ನೋಡಿ ನಾಗನೃತ್ಯ ಕಟ್ಟಿದ. 1942ರಲ್ಲಿ ಅಲ್ಮೋರಾದಲ್ಲಿದ್ದ ಉದಯಶಂಕರರ ಕೇಂದ್ರಕ್ಕೆ ನೃತ್ಯ ಕಲಿಯಲು ಹೋದ. (ಉದಯಶಂಕರರ ಕೊನೆಯ ತಮ್ಮ ರವಿಶಂಕರ್ ಹುಟ್ಟಿದ್ದು ಕಾಶಿಯಲ್ಲೇ, 1920ರಲ್ಲಿ. ಮಾವನಿಗೆ ಇದರ ಜಂಬವಿತ್ತು.) 1944ರಲ್ಲಿ ಕೇಂದ್ರ ಮುಚ್ಚಿತು. ಕಲ್ಕತ್ತೆಗೆ ಮರಳಿ ಲಿವರ್ ಬ್ರದರ್ಸ್‌ನಲ್ಲಿ ಸ್ವಲ್ಪ ದಿನ ಟೆಲಿಫೋನ್ ಆಪರೇಟರ್. ಅದು ಹಿಡಿಸದೆ, ಅದೇ ವರ್ಷ ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಯಲ್ಲಿ ಮೂರು ವರ್ಷದ ಕರಾರು.

ಅಲ್ಲಿ 1945ರ ‘ಲಾಖಾರಾಣಿ’ಯಲ್ಲಿ ವಿಶ್ರಾಮ್ ಬೇಡೇಕರರಿಗೆ ಸಹಾಯಕ. 1946ರ ‘ಹಮ್ ಏಕ್ ಹೈಂ’ ಚಿತ್ರದಲ್ಲಿ ಪಿ. ಎಲ್. ಸಂತೋಷಿಯವರಿಗೆ ಸಹಾಯಕ, ಕುಣಿತದ ಜವಾಬ್ದಾರಿಯೂ ಅವರದೇ. ದೇವ್ ಆನಂದರಿಗೆ ಅದು ಮೊದಲ ಚಿತ್ರ. ಇಬ್ಬರ ಸ್ನೇಹ ಬೆಳೆದದ್ದು ಅಲ್ಲಿ. ಕರಾರು ಮುಗಿದ ಮೇಲೆ ತಿಂಗಳುಗಟ್ಟಲೆ ಕೆಲಸವಿಲ್ಲ. ಮಾಟುಂಗಾದ ಮನೆಯಲ್ಲಿ ಕುಳಿತು ಇಂಗ್ಲಿಷಿನಲ್ಲಿ ಸಣ್ಣ ಕಥೆಗಳನ್ನು ಬರೆದರು. ಮುಂದೆ ‘ಪ್ಯಾಸಾ’ ಆದ ಕಥೆಯ ಮೂಲವೂ ಆ ದಿನಗಳದು. ಅನಂತರ 1949ರ ‘ಗರ್ಲ್ಸ್ ಸ್ಕೂಲ್’ನಲ್ಲಿ ಅಮಿಯ ಚಕ್ರವರ್ತಿಯವರಿಗೆ, 1950ರ ‘ಸಂಗ್ರಾಮ್’ನಲ್ಲಿ ಜ್ಞಾನ್ ಮುಖರ್ಜಿಯವರಿಗೆ ಸಹಾಯಕ. 1951ರಲ್ಲಿ ದೇವ್ ಆನಂದರ ನವಕೇತನ ಸಂಸ್ಥೆಗೆ ‘ಬಾಜಿ’ಯನ್ನು ನಿರ್ದೇಶಿಸುವವರೆಗೆ ಹೀಗೆಯೇ.

ಈ ಏಳು ವರ್ಷಗಳನ್ನು ನನ್ನ ಭಾಷಣದಲ್ಲಿ ಎರಡು ವಾಕ್ಯದಲ್ಲಿ ಮುಗಿಸಿದ್ದೆ, ‘ಕಷ್ಟದ ದಿನಗಳು’ ಎಂದು. ಈಗ ಹಾಗೆನ್ನಿಸುವುದಿಲ್ಲ. ಗುರುದತ್ತರ ಚಿತ್ರದಲ್ಲಿ ಹಾಡು ಬಂದರೆ ಕಥೆ ನಿಲ್ಲುವುದಿಲ್ಲ. ಪಾತ್ರಗಳು ಮಾತಾಡುತ್ತಿದ್ದ ಹಾಗೆಯೇ ಹಾಡಿಗೆ ದಾಟುತ್ತವೆ. ಕ್ಯಾಮೆರಾ ಅವರ ಜೊತೆಯಲ್ಲೇ ಹೆಜ್ಜೆ ಹಾಕುತ್ತದೆ. ಮೈಯ ಚಲನೆಯನ್ನು ಅಲ್ಮೋರಾದಲ್ಲಿ ಕಲಿತು, ಅದನ್ನು ಕ್ಯಾಮೆರಾದ ಮುಂದೆ ಕೂಡಿಸುವ ಕೆಲಸವನ್ನು ಪುಣೆಯಲ್ಲಿ ಸಂಬಳಕ್ಕೆ ಮಾಡಿದವರಿಗೆ ಅದು ಬಂದದ್ದರಲ್ಲಿ ಆಶ್ಚರ್ಯವೇನಿದೆ?

ಯುದ್ಧ ಮುಗಿದ ಜಪಾನಿನಲ್ಲೂ ಇಂಥದೇ ಒಂದು ಕಥೆ ನಡೆದಿತ್ತು. ‘ರಾಶೋಮನ್’, ‘ಸೆವೆನ್ ಸಮುರಾಯ್’ ಚಿತ್ರಗಳ ತೋಶಿರೋ ಮಿಫುನೆಯನ್ನು ಬಲ್ಲವರಿಗೆ, ಆತ ಸೈನ್ಯದಲ್ಲಿ ವಿಮಾನದಿಂದ ತೆಗೆದ ಛಾಯಾಚಿತ್ರಗಳ ವಿಭಾಗದಲ್ಲಿದ್ದವನೆಂಬುದು ಗೊತ್ತಿರಲಿಕ್ಕಿಲ್ಲ. ಸೈನ್ಯದಿಂದ ಬಿಡುಗಡೆಯಾಗಿ 1946ರಲ್ಲಿ ತೋಹೋ ಕಂಪನಿಗೆ ಬಂದದ್ದು ಕ್ಯಾಮೆರಾ ಸಹಾಯಕನ ಕೆಲಸ ಕೇಳಿಕೊಂಡು. ಸಿಕ್ಕಿದ್ದು ಹೊಸ ನಟರ ಆಯ್ಕೆಯಲ್ಲಿ ಜಾಗ. ಮರುವರ್ಷವೇ ಪರದೆಯ ಮೇಲೆ ಬಂದ. ಅದೇ 1946ರಲ್ಲಿ ಗುರುದತ್ತರು ಪುಣೆಯಲ್ಲಿ ಸಹಾಯಕ. ಅದೇ 1946ರಲ್ಲಿ ಮೈಸೂರಿನ ವಿ. ಕೆ. ಮೂರ್ತಿ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಹೊರಬಂದರು. ಕ್ಯಾಮೆರಾದ ಹಿಂದೆ ನಿಲ್ಲಬಯಸಿದವನು ಮುಂದೆ ನಿಂತ. ಹಿಂದೆ ನಿಂತಿದ್ದವನು ಮುಂದಕ್ಕೂ ಬಂದ. ಮೂರ್ತಿಯವರು ಹಿಂದೆಯೇ ಉಳಿದರು.

ಮೂರ್ತಿಯವರ ಪ್ರಸಂಗವನ್ನು ಇಲ್ಲಿ ಹೇಳಲೇಬೇಕು, ಮಾವನ ಮೂರನೆಯ ತಿದ್ದುಪಡಿ ಅದೇ ಆದ್ದರಿಂದ. ‘ಬಾಜಿ’ಯ ಒಂದು ಹಾಡಿಗೆ ಕನ್ನಡಿಯ ಬಿಂಬವನ್ನು ಸೇರಿಸಿಕೊಂಡು ಕ್ಯಾಮೆರಾವನ್ನು ಚಲಿಸುವ ಒಂದು ಉಪಾಯವನ್ನು ಸಹಾಯಕರಾಗಿದ್ದ ಮೂರ್ತಿ ಸೂಚಿಸಿದರು. ಅದು ಕಷ್ಟದ ಕೆಲಸ. ಮುಖ್ಯ ಛಾಯಾಗ್ರಾಹಕ ರಾತ್ರಾ ಅವರು ಬೇಡವೆನ್ನಲಿಲ್ಲ, ಕ್ಯಾಮೆರಾವನ್ನು ಸಹಾಯಕನ ಕೈಗೆ ಕೊಟ್ಟರು. ಅದನ್ನು ಕಂಡ ಗುರುದತ್ತರು ಮುಂದಿನ ಚಿತ್ರ, 1952ರ ‘ಜಾಲ್’ಗೆ ಮೂರ್ತಿಯವರನ್ನೇ ಕರೆದರು. ಆಮೇಲಿನದು ನಮಗೆಲ್ಲ ಗೊತ್ತು. 1959ರ ‘ಕಾಗಜ್ ಕೇ ಫೂಲ್’ನ ಬೆಳಕು, 2008ನೆಯ ಸಾಲಿನ ಫಾಲ್ಕೆ ಪ್ರಶಸ್ತಿ. ಆದರೆ ಆ ದಿನ ರಾತ್ರಾ ಸರಿದು ನಿಲ್ಲದಿದ್ದರೆ? ಮೂರ್ತಿಯವರನ್ನು ನಮ್ಮವರೆಂದು ಹೊಗಳುವ ಭರದಲ್ಲಿ ನಾನು ಅಳಿಸಿದ್ದು ಆ ದೊಡ್ಡ ಮನಸ್ಸಿನ ಮನುಷ್ಯನ ಹೆಸರನ್ನು. “ರಾತ್ರಾನ ಹೆಸರು ಇನ್ನೊಬ್ಬನಿಗೆ ಕೊಡಬಾರದು” ಎಂದು ಮಾವ ಯಾಕೆ ಬರೆದರೆಂದು ಈಗ ಅರ್ಥವಾಯಿತು.

ಮಾವನ ಪುಸ್ತಕದಲ್ಲಿ ‘ಆಮೇಲೆ’ ಎಂಬ ಕಾಲಮ್ಮು ಹೆಚ್ಚಾಗಿ ಖಾಲಿ. ಗುರುದತ್ತರ ಸಹಾಯಕರ ಸಾಲಿನಲ್ಲಿ ರಾಜ್ ಖೋಸ್ಲಾ ಎಂಬ ಹೆಸರಿನ ಎದುರಿಗೆ ‘ಸಿ.ಐ.ಡಿ., 1956, ನಿರ್ದೇಶಕ’ ಎಂದು ಬೇರೆ ಶಾಯಿಯಲ್ಲಿ ಬರೆದಿದೆ. ಹೀಗೆ ತುಂಬಿದವು ಪುಟಕ್ಕೆ ಒಂದೋ ಎರಡೋ. ಗುರುದತ್ತರ ಆ ಏಳು ವರ್ಷಗಳನ್ನು ನಾವು ಇಷ್ಟು ಆಸೆಯಿಂದ ಹುಡುಕುವುದು ಅವರ ‘ಆಮೇಲೆ’ ದೊಡ್ಡದಾದ್ದರಿಂದ. ಅದೇ ಪ್ರಭಾತಿನಲ್ಲಿ ಅದೇ ಸಂಬಳಕ್ಕೆ ದುಡಿದ ಮಿಕ್ಕವರನ್ನು ಯಾರು ಹುಡುಕುತ್ತಾರೆ? ಆದರೆ ಗುರುದತ್ತರಂತೂ ಮರೆತವರಲ್ಲ. ‘ಪ್ಯಾಸಾ’ ಚಿತ್ರವನ್ನು ತಮ್ಮ ಗುರು ಜ್ಞಾನ್ ಮುಖರ್ಜಿಯವರ ನೆನಪಿಗೆ ಅರ್ಪಿಸಿದ್ದಾರೆ. ಜುಲೈ ತಿಂಗಳಲ್ಲಿ ನಮ್ಮ ಸಂಘದಲ್ಲೇ ಆ ಚಿತ್ರ ತೋರಿಸಿದಾಗ ನಾನು ಹಿಂದಿನ ಸಾಲಿನವರೊಡನೆ ಮಾತಾಡುತ್ತಿದ್ದೆ.

ಈ ನವೆಂಬರಿನಲ್ಲಿ ಹೆಂಡತಿಯ ಜೊತೆ ಮತ್ತೆ ಕಾಶಿಗೆ ಬಂದಿದ್ದೇನೆ. ಇದನ್ನು ಶಿವಾಲದಲ್ಲೇ ಕುಳಿತು ಬರೆಯುತ್ತಿದ್ದೇನೆ. ಮಾವನ ಕೋಣೆಯಿದ್ದ ಮನೆ ಈಗ ಯಾತ್ರಿಕರಿಗೆ ರೂಮು ಕೊಡುವ ವಸತಿಗೃಹ. ಗಲ್ಲಿಯ ಬಾಯಲ್ಲಿರುವ ಚಹಾದ ಅಂಗಡಿಯ ಮುದುಕನಿಗೆ ಮಾತ್ರ ನೆನಪಿತ್ತು. “ಮದ್ರಾಸಿ ಬಾಬುವೇ? ಫ್ರೀ ಪಾಸು ಕೊಡುತ್ತಿದ್ದರು. ಒಂದೇ ಷರತ್ತು, ಹೆಸರು ಬರುವ ಮುಂಚೆ ಬಂದು ಕೂರಬೇಕು” ಎಂದು ಹಿಂದಿಯಲ್ಲಿ ಹೇಳಿ ನಕ್ಕ. ಮಾವ ಮೂವತ್ತು ವರ್ಷಕ್ಕೂ ಮೇಲೆ ಶಿವಾಲದಲ್ಲಿದ್ದು ಮದ್ರಾಸಿಯಾಗಿಯೇ ಉಳಿದರು. ಅದನ್ನೂ ಯಾರೋ ತಿದ್ದಬೇಕಾಗಿತ್ತು. ಮೈಸೂರು ಕಡೆಯವರು ಎಂದು ನಾನು ಹೇಳಿದೆ. ಮುದುಕ ತಲೆಯಾಡಿಸಿದ.

ಒಂದು ಸಂಗತಿ ಉಳಿಯಿತು. ಹುಡುಕುತ್ತ ಹೋದಾಗ ಮಾವನೂ ಒಂದು ಕಡೆ ತಪ್ಪಿರುವುದು ಕಂಡಿತು. ಗುರುದತ್ತರು ಮುಖಕ್ಕೆ ಬಣ್ಣ ಹಚ್ಚಿದ್ದು 1953ರಲ್ಲೇ ಮೊದಲಲ್ಲ. 1945ರ ‘ಲಾಖಾರಾಣಿ’ಯಲ್ಲಿ ಸಹಾಯಕರಾಗಿ ದುಡಿಯುತ್ತಲೇ ಒಂದು ಸಣ್ಣ ಪಾತ್ರವನ್ನೂ ಮಾಡಿದ್ದರು. ನಾಯಕನಾಗಿ ‘ಬಾಜ್’ ಮೊದಲು ಎಂದಿದ್ದರೆ ಸರಿಯಾಗುತ್ತಿತ್ತು. 1989ರಲ್ಲಿ ನಾನು ಇಷ್ಟನ್ನು ಹುಡುಕಿ ಒಂದು ಕಾರ್ಡು ಹಾಕಿದ್ದರೆ ಮಾವ ಒಪ್ಪುತ್ತಿರಲಿಲ್ಲ. ಮತ್ತೊಂದು ಕಾರ್ಡು ಬರುತ್ತಿತ್ತು, ನಾನು ಇನ್ನೊಂದು ಹಾಕುತ್ತಿದ್ದೆ. ನಾಲ್ಕು ವರ್ಷ ಚೆನ್ನಾಗಿ ಜಗಳವಾಡಬಹುದಾಗಿತ್ತು. ಆ ಜಗಳ ತಪ್ಪಿಹೋಯಿತಲ್ಲ ಎಂಬುದೇ ಈಗಿನ ವ್ಯಥೆ.

ಕೊನೆಯದಾಗಿ, 1989ರ ಆ ಸಂಚಿಕೆಯನ್ನು ಇಟ್ಟುಕೊಂಡಿರುವ ಹಳೆಯ ವಾಚಕರು ಯಾರಾದರೂ ಇದ್ದರೆ ದಯವಿಟ್ಟು ಹೀಗೆ ತಿದ್ದಿಕೊಳ್ಳಬೇಕು: ಗುರುದತ್ತರು ಹುಟ್ಟಿದ್ದು ಬೆಂಗಳೂರಿನಲ್ಲಿ. ಪ್ರಭಾತಿಗೆ ಸೇರಿದ್ದು ನೃತ್ಯದ ಕೆಲಸಕ್ಕೆ, ಸಹಾಯಕ ನಿರ್ದೇಶಕರಾಗಿಯೂ ದುಡಿದರು. ‘ಬಾಜಿ’ ಚಿತ್ರದ ಛಾಯಾಗ್ರಾಹಕರು ವಿ. ರಾತ್ರಾ. ಈ ತಪ್ಪುಗಳನ್ನು ತೋರಿಸಿಕೊಟ್ಟವರು ಕಾಶಿಯ ಶಿವಾಲದಲ್ಲಿದ್ದ ಒಬ್ಬ ಸಿನಿಮಾ ಆಪರೇಟರ್. ತಿದ್ದುಪಡಿ ತಡವಾದದ್ದಕ್ಕೆ ಹೊಣೆ ನಾನು.